ಒಂಬತ್ತನೇ ತರಗತಿಯ ಮಗಳನ್ನು ‘ಭಾವಿ ವೈದ್ಯರ ಶಿಬಿರ’ಕ್ಕೆ ಸೇರಿಸಬೇಕೇ?

ನೀವು ಕೇಳಿರುವುದು ಎರಡು ವಿಷಯ. ಡಾಕ್ಟರ್ ಆಗಬೇಕು ಎನ್ನುತ್ತಿರುವ ಒಂಬತ್ತನೇ ತರಗತಿಯ ಮಗಳನ್ನು ಬೇಸಿಗೆ ರಜೆಯ ಶಿಬಿರಕ್ಕೆ ಕಳಿಸಬೇಕೇ? ಅಲ್ಲಿ ಕೊಡುವ ಸರ್ಟಿಫಿಕೇಟ್ ಮುಂದೆ ಎಂಬಿಬಿಎಸ್ ಸೀಟಿಗೆ ಉಪಯೋಗಕ್ಕೆ ಬರುತ್ತದೆಯೇ?

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಬರುವುದಿಲ್ಲ. ನಮ್ಮ ದೇಶದಲ್ಲಿ ಸೀಟು ಸಿಗುವುದು ನೀಟ್ ಪ್ರವೇಶ ಪರೀಕ್ಷೆಯ ಅಂಕದ ಮೇಲೆ. 180 ಪ್ರಶ್ನೆ, 720 ಅಂಕ, ಅದರಲ್ಲಿ ಅರ್ಧ ಜೀವಶಾಸ್ತ್ರ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. ದೇಶದಲ್ಲಿರುವ ಎಂಬಿಬಿಎಸ್ ಸೀಟು ಒಂದೂಕಾಲು ಲಕ್ಷದ ಆಸುಪಾಸು. ಸೀಟು ಹಂಚುವ ಕೌನ್ಸೆಲಿಂಗ್‌ನಲ್ಲಿ ಶಿಬಿರದ ಸರ್ಟಿಫಿಕೇಟನ್ನು ಯಾರೂ ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಮೆಡಿಕಲ್ ಕಾಲೇಜುಗಳು ಸಂದರ್ಶನ ಮಾಡುತ್ತವೆ, ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಏನು ಕಂಡೆ, ಏನು ಅನ್ನಿಸಿತು ಎಂದು ಕೇಳುತ್ತವೆ. ಹಾಗಾಗಿ ಅಲ್ಲಿ ಇಂಥ ಅನುಭವಕ್ಕೆ ಬೆಲೆ ಇದೆ. ಅಲ್ಲಿನ ಪದ್ಧತಿ ತೋರಿಸಿ ಇಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ.

ಹಾಗಂತ ಶಿಬಿರವೇ ಬೇಡ ಎನ್ನಲಾರೆ. ನಾನು ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಪಾಠ ಮಾಡುವವಳು. ಪ್ರೌಢಶಾಲೆಯ ಮಕ್ಕಳು ನಮ್ಮ ಲ್ಯಾಬಿಗೆ ಬಂದಾಗ ನಡೆಯುವುದನ್ನು ನೋಡಿದ್ದರಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಬಿಪಿ ನೋಡುವುದನ್ನು ಕಲಿಸುತ್ತೇವೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ಮೊಣಕೈಯ ಒಳಮಡಿಕೆಯಲ್ಲಿ ಸ್ಟೆತಸ್ಕೋಪ್ ಇಟ್ಟು, ಗಾಳಿಯನ್ನು ನಿಧಾನವಾಗಿ ಬಿಡಬೇಕು. ಅದುಮಿದ ರಕ್ತನಾಳದಲ್ಲಿ ರಕ್ತ ಮತ್ತೆ ನುಗ್ಗಲು ಶುರುವಾದಾಗ ಟಪ್ ಟಪ್ ಎಂಬ ಸದ್ದು. ಅದು ಮೊದಲು ಕೇಳಿದಾಗಿನ ಅಂಕಿ ಮೇಲಿನ ಬಿಪಿ, ನಿಂತಾಗಿನದು ಕೆಳಗಿನದು. ಮನೆಯಲ್ಲಿ ಅಜ್ಜಿಯ ಬಿಪಿ 150 ಎಂದು ವರ್ಷಗಟ್ಟಲೆ ಕೇಳಿದ ಮಕ್ಕಳಿಗೆ ಆ ಅಂಕಿ ಎಲ್ಲಿಂದ ಬಂತು ಎಂದು ಅವತ್ತು ಗೊತ್ತಾಗುತ್ತದೆ. ಆಮೇಲೆ ಬೊಂಬೆಯ ಮೇಲೆ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಸುವ ತುರ್ತು ಚಿಕಿತ್ಸೆ. ವಯಸ್ಕರಿಗಾದರೆ ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು. ಎರಡು ನಿಮಿಷದೊಳಗೆ ಮಕ್ಕಳ ಕೈ ಸೋತುಹೋಗುತ್ತದೆ. ಆಸ್ಪತ್ರೆಯಲ್ಲೂ ಎರಡೆರಡು ನಿಮಿಷಕ್ಕೆ ಒತ್ತುವವರು ಬದಲಾಗುವುದು ಈ ಕಾರಣಕ್ಕೇ.

ಇದಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು. ಇಬ್ಬಿಬ್ಬರನ್ನು ಕೂರಿಸಿ ಒಬ್ಬರು ರೋಗಿ, ಒಬ್ಬರು ಡಾಕ್ಟರ್ ಎನ್ನುತ್ತೇವೆ. ರೋಗಿಗೆ ಹೊಟ್ಟೆನೋವು. ಬಹುತೇಕ ಮಕ್ಕಳು ಒಂದೇ ಪ್ರಶ್ನೆ ಕೇಳಿ ‘ಗ್ಯಾಸ್ಟ್ರಿಕ್’ ಎಂದು ತೀರ್ಮಾನ ಕೊಟ್ಟು ಮಾತ್ರೆ ಬರೆಯಲು ಹೊರಡುತ್ತಾರೆ. ಅಲ್ಲೊಬ್ಬಳು ಇಲ್ಲೊಬ್ಬ ಮಾತ್ರ ಕೇಳುತ್ತಾ ಹೋಗುತ್ತಾರೆ: ಯಾವಾಗ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಸರಿಯಿತು, ರಾತ್ರಿ ನಿದ್ದೆ ಬಂತಾ, ಜೊತೆಗೆ ಯಾರಿದ್ದಾರೆ. ಅಪೆಂಡಿಕ್ಸ್‌ನ ನೋವು ಎಷ್ಟೋ ಸಲ ಹೊಕ್ಕುಳ ಸುತ್ತ ಶುರುವಾಗಿ ಆಮೇಲೆ ಬಲಗಡೆ ಕೆಳಕ್ಕೆ ಇಳಿಯುತ್ತದೆ. ಕೇಳದೆ ಅದು ತಿಳಿಯುವುದಿಲ್ಲ. ಹೀಗೆ ಕೇಳುವ ಮಗು ತರಗತಿಗೆ ಮೊದಲಿಗಳೇ ಆಗಿರಬೇಕೆಂದಿಲ್ಲ. ನಿಮ್ಮ ಮಗಳಿಗೆ ಇನ್ನೊಬ್ಬರ ನೋವಿನ ಬಗ್ಗೆ ಇಂಥ ಕುತೂಹಲ, ತಾಳ್ಮೆ ಇದೆಯೇ ಎಂದು ಅವಳಿಗೇ ಕಾಣುವಂತೆ ಮಾಡಿದರೆ ಆ ಶಿಬಿರಕ್ಕೆ ಕೊಟ್ಟ ದುಡ್ಡು ಸಾರ್ಥಕ.

ಆದ್ದರಿಂದ ದುಡ್ಡು ಕಟ್ಟುವ ಮೊದಲು ವೇಳಾಪಟ್ಟಿ ಕೇಳಿ. ಎಷ್ಟು ಹೊತ್ತು ಭಾಷಣ, ಎಷ್ಟು ಹೊತ್ತು ಮಕ್ಕಳ ಕೈಗೆ ಕೆಲಸ? ಕಲಿಸುವವರು ಯಾರು? ನರ್ಸ್‌ಗಳು, ಲ್ಯಾಬ್ ಟೆಕ್ನಿಷಿಯನ್‌ಗಳು ಮಾತಾಡುತ್ತಾರೆಯೇ? ಆಸ್ಪತ್ರೆಯ ಕೆಲಸ ಅಂದರೆ ಡಾಕ್ಟರ್ ಒಬ್ಬರೇ ಅಲ್ಲವಲ್ಲ. ‘ಆಪರೇಷನ್ ಥಿಯೇಟರ್ ಒಳಗೆ ಕರೆದೊಯ್ಯುತ್ತೇವೆ’, ‘ಇಂಜೆಕ್ಷನ್ ಕೊಡಲು ಕಲಿಸುತ್ತೇವೆ’ ಎಂದು ಆಸೆ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಅಲ್ಲಿ ಮಲಗಿರುವವರು ಯಾರದೋ ಅಮ್ಮ, ಯಾರದೋ ಅಪ್ಪ. ಅವರ ಒಪ್ಪಿಗೆ ಕೇಳದವರಿಂದ ಮಗು ಏನು ಕಲಿತೀತು?

ಇದರ ಜೊತೆ ‘ನೀಟ್ ಫೌಂಡೇಶನ್’ ಕೋರ್ಸನ್ನು ಬೆರೆಸಬೇಡಿ. ಅದು ಬೇರೆಯೇ ವ್ಯವಹಾರ. ಹದಿನಾರು ವರ್ಷ ತುಂಬದ ಮಕ್ಕಳನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು ಎಂದು 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವೇ ಮಾರ್ಗಸೂಚಿ ಹೊರಡಿಸಿದೆ. ನೀಟ್‌ನ ಪಾಠಗಳೆಲ್ಲ ಪಿಯುಸಿಯವು. ಈಗ ಅವಳಿಗೆ ಬೇಕಾದದ್ದು ಒಂಬತ್ತು, ಹತ್ತರ ವಿಜ್ಞಾನ ಮತ್ತು ಗಣಿತ ಗಟ್ಟಿಯಾಗುವುದು. ಗಣಿತ ಎಂದು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ‘ನನಗೆ ಬಯಾಲಜಿ ಇಷ್ಟ’ ಎಂದು ಗಣಿತ ಕೈಬಿಟ್ಟ ಮಕ್ಕಳು ನೀಟ್‌ನ ಭೌತಶಾಸ್ತ್ರದಲ್ಲಿ ಒದ್ದಾಡುತ್ತಾರೆ.

ಹೆಚ್ಚು ಖರ್ಚಿಲ್ಲದ ದಾರಿಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ, ಮಣಿಪಾಲದಲ್ಲಿ ಅಂಗರಚನೆಯ ದೊಡ್ಡ ಸಂಗ್ರಹಾಲಯವಿದೆ. ಎರಡನ್ನೂ ಸಾರ್ವಜನಿಕರು ನೋಡಬಹುದು, ಹೋಗುವ ಮೊದಲು ಫೋನ್ ಮಾಡಿ ದಿನ, ಸಮಯ ಕೇಳಿಕೊಳ್ಳಿ. ಶಾಲೆಯಲ್ಲಿ ಜೂನಿಯರ್ ರೆಡ್‌ಕ್ರಾಸ್ ಘಟಕ ಇದ್ದರೆ ಪ್ರಥಮ ಚಿಕಿತ್ಸೆ ಕಲಿಯಲಿ. ನಿಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ ನೋಡಿ: ಮಕ್ಕಳಿಗೆ ಲಸಿಕೆ ಹಾಕುವ ದಿನ ಅವಳು ಹೊರಗಿನ ಬೆಂಚಿನಲ್ಲಿ ಕೂತು, ಆಶಾ ಕಾರ್ಯಕರ್ತೆ ತಾಯಂದಿರನ್ನು ಹೇಗೆ ಮಾತಾಡಿಸುತ್ತಾರೆ ಎಂದು ನೋಡಬಹುದೇ ಎಂದು. ಬಹಳ ವೈದ್ಯರು ಸಂತೋಷದಿಂದ ಒಪ್ಪುತ್ತಾರೆ.

ಎಂಬಿಬಿಎಸ್ ಎಂದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಆಮೇಲೆ ಹೆಚ್ಚಿನವರಿಗೆ ಪಿಜಿ ಮೂರು ವರ್ಷ. ಇದನ್ನೂ ಅವಳಿಗೆ ಈಗಲೇ ನೇರವಾಗಿ ಹೇಳಿ, ಹೆದರಿಸುವ ದನಿಯಲ್ಲಿ ಬೇಡ. ಶಿಬಿರ ಮುಗಿಸಿ ಬಂದು ‘ನನಗೆ ಇದು ಆಗಲ್ಲ ಅನ್ಸುತ್ತೆ’ ಎಂದರೆ ದಯವಿಟ್ಟು ಬೈಯಬೇಡಿ. ಯಾವುದು ಹಿಡಿಸಲಿಲ್ಲ ಎಂದು ಕೇಳಿ. ರಕ್ತ ನೋಡಿ ತಲೆಸುತ್ತು ಬಂದಿದ್ದರೆ ಅದು ಎಷ್ಟೋ ಜನರಿಗೆ ರೂಢಿಯಾಗುತ್ತಾ ಹೋಗುವ ವಿಷಯ, ನಮ್ಮ ಒಂದನೇ ವರ್ಷದ ವಿದ್ಯಾರ್ಥಿಗಳಿಗೂ ಬರುತ್ತದೆ. ರೋಗಿಗಳ ಜೊತೆ ಮಾತಾಡುವುದೇ ಬೇಸರ, ಲ್ಯಾಬ್ ಮಾತ್ರ ಇಷ್ಟ ಎಂದರೆ ಜೀವವಿಜ್ಞಾನದ ಸಂಶೋಧನೆಯ ಬಗ್ಗೆಯೂ ಒಟ್ಟಿಗೆ ಕೂತು ವಿಚಾರಿಸಿ.