ಉಸಿರು ಕೊಟ್ಟವನು ಯಾರು? – ಪುನರುತ್ಥಾನ ಕುರಿತ ಪತ್ರಕ್ಕೆ ಸಂಪಾದಕರ ಉತ್ತರ

(ನಿವೃತ್ತ ಜೀವಶಾಸ್ತ್ರ ಅಧ್ಯಾಪಕರೊಬ್ಬರು ಬರೆದ ನಾಲ್ಕು ಪುಟಗಳ ಪತ್ರದ ಸಾರ: “ನನ್ನೊಡನೆ ಬಹುಕಾಲ ಪಾಠ ಮಾಡಿದ ಕ್ರೈಸ್ತ ಗೆಳೆಯರೊಬ್ಬರ ಮಣ್ಣಿಗೆ ಹೋಗಿದ್ದೆ. ಮಣ್ಣಿನಿಂದ ಬಂದವರು ಮಣ್ಣಿಗೆ ಸೇರಿದರು, ಕಡೆಯ ದಿನ ಮತ್ತೆ ಏಳುತ್ತಾರೆ ಎಂದು ಪಾದ್ರಿಗಳು ಹೇಳಿದರು. ಹೂತ ದೇಹ ಹುಲ್ಲಾಗಿ, ಹುಲ್ಲು ಹಸುವಿನ ಹಾಲಾಗಿ, ಆ ಹಾಲು ಇನ್ನೊಬ್ಬನ ಮೈಯಾದ ಮೇಲೆ ಏಳುವುದು ಯಾರ ದೇಹ? ದೇವರೇ ಜೀವದ ಮೂಲವಾದರೆ, ಆತ್ಮಕ್ಕೆ ಸಾವಿಲ್ಲ ಎಂದರೆ ಸಾಕಲ್ಲವೇ, ದೇಹದ ಮಾತೇಕೆ? ಇದು ನಮ್ಮ ಪುನರ್ಜನ್ಮಕ್ಕೇ ಇಟ್ಟ ಇನ್ನೊಂದು ಹೆಸರಲ್ಲವೇ?”)

ಮಾನ್ಯರೇ,

ತಮ್ಮ ಪತ್ರ ತಲುಪಿ ಮೂರು ವಾರಗಳಾದವು. ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ಎರಡು ಸಾಲು ಬರೆದು ಮುಗಿಸುವಂಥ ಪ್ರಶ್ನೆಗಳು ಅವಲ್ಲ. ಮೊದಲಿಗೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಈಸ್ಟರ್ ಸಂಚಿಕೆಯ ಚಿತ್ರವೊಂದರ ಕೆಳಗೆ ‘ಯೇಸುವಿನ ಪುನರ್ಜನ್ಮ’ ಎಂದು ಅಚ್ಚಾಗಿದ್ದುದನ್ನು ತಾವು ಸೌಜನ್ಯದಿಂದಲೇ ಎತ್ತಿ ತೋರಿಸಿದ್ದೀರಿ. ಆ ಪುಟದ ಕರಡು ತಿದ್ದಿದವನು ನಾನೇ. ಹಾಗಾಗಿ ತಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುವುದು ನನ್ನ ಋಣ.

ಪುನರ್ಜನ್ಮದಲ್ಲಿ ಮತ್ತೆ ಆಗುವುದು ಜನನ: ಜೀವ ಒಂದು ಮೈ ಬಿಟ್ಟು, ತನ್ನ ಕರ್ಮವನ್ನು ಹೊತ್ತು, ಇನ್ನೊಬ್ಬ ತಾಯಿಯ ಗರ್ಭಕ್ಕೆ ಬರುತ್ತದೆ. ಪುನರುತ್ಥಾನದಲ್ಲಿ ಮತ್ತೆ ಆಗುವುದು ಉತ್ಥಾನ, ಅಂದರೆ ಏಳುವುದು. ಕಾರ್ತಿಕದ ಉತ್ಥಾನ ದ್ವಾದಶಿಯಂದು ತುಳಸಿಕಟ್ಟೆಗೆ ನೆಲ್ಲಿಯ ಕೊಂಬೆ ನೆಟ್ಟು ಪೂಜಿಸುವ ಮನೆಗಳಲ್ಲಿ ಈ ಪದವನ್ನು ಬಿಡಿಸಿ ಹೇಳಬೇಕಿಲ್ಲ; ಮಲಗಿದ್ದ ವಿಷ್ಣು ಅಂದು ಏಳುತ್ತಾನೆ, ಬೇರೊಬ್ಬನಾಗಿ ಹುಟ್ಟುವುದಿಲ್ಲ. ಬೈಬಲ್ಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಪುನರುತ್ಥಾನಕ್ಕೆ ಇರುವ ‘ಅನಾಸ್ತಾಸಿಸ್’ ಎಂಬ ಪದಕ್ಕೆ ಎದ್ದು ನಿಲ್ಲುವುದು ಎಂದರ್ಥ. ಜೊತೆಗೇ ಬಳಕೆಯಾಗುವ ‘ಎಗೈರೋ’ ಎಂಬ ಕ್ರಿಯಾಪದಕ್ಕೆ ನಿದ್ದೆಯಿಂದ ಎಬ್ಬಿಸುವುದು ಎಂದರ್ಥ. ಗೋರಿಗಳ ತಾಣಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಸೆಮೆಟರಿ’ ಕೂಡ ಮಲಗುವ ಜಾಗ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಯಾರು ಮಲಗಿದರೋ ಅವರೇ ಏಳಬೇಕು ಎಂಬುದು ಈ ಎಲ್ಲ ಪದಗಳ ಒಳಗಿರುವ ಹಟ. ಆದುದರಿಂದ ಎರಡೂ ಒಂದೇ ಅಲ್ಲ, ಮತ್ತು ನಮ್ಮ ಚಿತ್ರದ ಕೆಳಗಿನ ಸಾಲು ತಪ್ಪು.

ಇನ್ನು ತಮ್ಮ ಎರಡನೆಯ ಪ್ರಶ್ನೆ. ನನಗೆ ತಿಳಿದಂತೆ ಉಳಿದೆಲ್ಲಕ್ಕೂ ಕೀಲಿಕೈ ಅದೇ. ದೇವರು ಜೀವದ ಮೂಲವಾದ ಮೇಲೆ ದೇಹ ಏಳುವ ಮಾತೇಕೆ ಎಂದು ತಾವು ಕೇಳುತ್ತೀರಿ. ಬೈಬಲ್ಲಿನ ದಾರಿಯಲ್ಲಿ ನಡೆದರೆ ಮಾತು ತಿರುಗಿ ನಿಲ್ಲುತ್ತದೆ: ದೇವರು ಜೀವದ ಮೂಲ ಎಂಬ ಕಾರಣಕ್ಕೇ ದೇಹ ಏಳುವ ಮಾತು ಹುಟ್ಟಿತು. ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ನೆಲದ ಮಣ್ಣಿನಿಂದ ಮನುಷ್ಯನನ್ನು ರೂಪಿಸಿ, ಅವನ ಮೂಗಿನಲ್ಲಿ ಜೀವಶ್ವಾಸವನ್ನು ಊದುತ್ತಾನೆ. ಹೀಬ್ರೂವಿನಲ್ಲಿ ಮನುಷ್ಯನಿಗೆ ‘ಆದಾಮ್’ ಎಂದೂ ಮಣ್ಣಿಗೆ ‘ಅದಾಮಾ’ ಎಂದೂ ಹೆಸರು. ಸತ್ತವರನ್ನು ‘ಮಣ್ಣು ಮಾಡಿದರು’ ಎನ್ನುವ, ಸಾವಿಗೆ ‘ಉಸಿರು ನಿಂತಿತು’ ಎನ್ನುವ ಕನ್ನಡಿಗರಿಗೆ ಈ ಕಥೆಯ ಭಾಷೆ ಅಪರಿಚಿತವೇನಲ್ಲ. ಗಮನಿಸಬೇಕಾದ್ದು ಇಷ್ಟು: ಮಣ್ಣಿನ ಮೈಯೊಳಗೆ ಸಾಯದ ಆತ್ಮವೊಂದನ್ನು ಇಟ್ಟನೆಂದು ಆ ಕಥೆ ಹೇಳುವುದಿಲ್ಲ. ಮಣ್ಣಿಗೆ ಉಸಿರು ಸೇರಿದಾಗ ಅದೇ ಬದುಕುವ ಪ್ರಾಣಿಯಾಯಿತು ಎನ್ನುತ್ತದೆ. ಉಸಿರು ಅವನ ಸ್ವಂತ ಆಸ್ತಿಯಲ್ಲ, ಪಡೆದದ್ದು. 104ನೇ ಕೀರ್ತನೆ ಇದನ್ನೇ ಪ್ರಾಣಿಗಳಿಗೂ ವಿಸ್ತರಿಸುತ್ತದೆ: ದೇವರು ಉಸಿರನ್ನು ಹಿಂದೆಗೆದುಕೊಂಡರೆ ಅವು ಮಣ್ಣಿಗೆ ಮರಳುತ್ತವೆ, ಕಳುಹಿಸಿದರೆ ಹುಟ್ಟುತ್ತವೆ. ಅಲ್ಲಿ ಬರುವ ‘ರೂಅಹ್’ ಎಂಬ ಪದಕ್ಕೆ ಗಾಳಿ, ಉಸಿರು, ಆತ್ಮ ಮೂರೂ ಅರ್ಥಗಳಿವೆ.

ಹೀಗೆ ನಂಬಿದವರು ಸಾವನ್ನು ಹೇಗೆ ಎದುರಿಸಬೇಕು? ‘ನನ್ನೊಳಗೆ ಸಾಯದ ಭಾಗವೊಂದಿದೆ’ ಎಂಬ ಸಮಾಧಾನ ಅವರಿಗೆ ಸುಲಭವಾಗಿ ಒದಗುವುದಿಲ್ಲ. ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಬಹುಪಾಲು ಸತ್ತವರ ಬಗ್ಗೆ ಹೆಚ್ಚೇನೂ ಹೇಳದೆ, ಅವರು ನೆರಳುಗಳಂತೆ ‘ಷೆಯೋಲ್’ ಎಂಬ ಪಾತಾಳದಲ್ಲಿರುತ್ತಾರೆ ಎನ್ನುವುದಷ್ಟರಲ್ಲೇ ನಿಲ್ಲುತ್ತದೆ. ಪ್ರವಾದಿ ಯೆಹೆಜ್ಕೇಲನು ಕಂಡ, ಒಣಮೂಳೆಗಳು ಮತ್ತೆ ಜೀವ ತಳೆಯುವ ಕಣಿವೆಯನ್ನು ನಮ್ಮ ಚರ್ಚಿನ ಉಪದೇಶಗಳಲ್ಲಿ ಪುನರುತ್ಥಾನಕ್ಕೆ ಸಾಕ್ಷಿಯಾಗಿ ಎಳೆದು ತರುವುದುಂಟು. ಅದು ಮೂಲತಃ ಬಾಬಿಲೋನಿನ ಸೆರೆಯಲ್ಲಿದ್ದ ಯೆಹೂದ್ಯ ಜನಾಂಗ ಮತ್ತೆ ತಲೆಯೆತ್ತುವ ದರ್ಶನ. ಸತ್ತವರು ಏಳುವರೆಂಬ ಮಾತು ಸ್ಪಷ್ಟವಾಗಿ ಕೇಳಿಸುವುದು ಕ್ರಿಸ್ತಪೂರ್ವ 2ನೇ ಶತಮಾನದ ಹಿಂಸೆಯ ಕಾಲದಲ್ಲಿ, ಸಿರಿಯದ ಗ್ರೀಕ್ ದೊರೆ ನಾಲ್ಕನೆಯ ಅಂತಿಯೋಕನು ಯೆಹೂದ್ಯರ ಧರ್ಮಾಚರಣೆಯನ್ನೇ ನಿಷೇಧಿಸಿದಾಗ. ಮಕ್ಕಬಿಯರ ಎರಡನೆಯ ಗ್ರಂಥದ ಏಳನೆಯ ಅಧ್ಯಾಯದಲ್ಲಿ ತಾಯಿಯೊಬ್ಬಳು ತನ್ನ ಏಳು ಗಂಡುಮಕ್ಕಳು ಕಣ್ಣೆದುರೇ ಚಿತ್ರಹಿಂಸೆಯಿಂದ ಸಾಯುವುದನ್ನು ನೋಡುತ್ತಾಳೆ. (ಕಥೋಲಿಕರ ಬೈಬಲ್ಲಿನಲ್ಲಿ ಈ ಗ್ರಂಥವಿದೆ, ಪ್ರೊಟೆಸ್ಟಂಟರ ಬೈಬಲ್ಲಿನಲ್ಲಿಲ್ಲ, ಆದರೆ ಆ ಕಾಲದ ನಂಬಿಕೆಗೆ ಅದು ಸಾಕ್ಷಿಯೆಂಬುದರಲ್ಲಿ ತಕರಾರಿಲ್ಲ.) ಅವಳು ಮಕ್ಕಳಿಗೆ ಹೇಳುವ ಮಾತಿನ ತಾತ್ಪರ್ಯ ಹೀಗಿದೆ: ನೀವು ನನ್ನ ಹೊಟ್ಟೆಯಲ್ಲಿ ಹೇಗೆ ಮೂಡಿದಿರೋ ನಾನರಿಯೆ, ನಿಮಗೆ ಉಸಿರನ್ನೂ ಪ್ರಾಣವನ್ನೂ ಕೊಟ್ಟವಳು ನಾನಲ್ಲ, ನಿಮ್ಮ ಅಂಗಾಂಗಗಳನ್ನು ಜೋಡಿಸಿದವಳೂ ನಾನಲ್ಲ, ಕೊಟ್ಟ ಸೃಷ್ಟಿಕರ್ತನೇ ಅದನ್ನು ಮತ್ತೆ ನಿಮಗೆ ಕೊಡುತ್ತಾನೆ.

ತಾವು ಜೀವಶಾಸ್ತ್ರ ಕಲಿಸಿದವರು. ಹೆತ್ತ ತಾಯಿಯೇ ‘ಜೀವ ಕೊಟ್ಟವಳು ನಾನಲ್ಲ’ ಎನ್ನುವ ಈ ಮಾತಿನ ಮುಂದೆ ದಯವಿಟ್ಟು ಒಂದು ಗಳಿಗೆ ನಿಲ್ಲಬೇಕೆಂದು ಕೋರುತ್ತೇನೆ. ಅವಳ ವಾದದಲ್ಲಿ ಆತ್ಮದ ಅಮರತ್ವದ ಪ್ರಸ್ತಾಪವೇ ಇಲ್ಲ. ಒಮ್ಮೆ ಇಲ್ಲದಲ್ಲಿಂದ ಕೊಟ್ಟವನಿಗೆ ಇನ್ನೊಮ್ಮೆ ಕೊಡುವುದು ಅಸಾಧ್ಯವಲ್ಲ, ಮತ್ತು ತನಗಾಗಿ ಅದನ್ನು ಕಳೆದುಕೊಂಡವರಿಗೆ ಅವನು ಕೊಡದೆ ಇರಲಾರ ಎಂಬುದಷ್ಟೇ ಅವಳ ತರ್ಕ. ಕ್ರೈಸ್ತರ ಪುನರುತ್ಥಾನದ ನಂಬಿಕೆಗೆ ಬೇರು ಇಲ್ಲಿದೆ. ಯೇಸುವಿನ ಕಾಲಕ್ಕೆ ಇದು ಯೆಹೂದ್ಯರಲ್ಲೇ ವಿವಾದದ ವಿಷಯವಾಗಿತ್ತು: ಫರಿಸಾಯರೆಂಬ ಪಂಗಡದವರು ಒಪ್ಪುತ್ತಿದ್ದರು, ದೇವಾಲಯದ ಅಧಿಕಾರ ಹಿಡಿದ ಸದ್ದುಕಾಯರೆಂಬ ಪಂಗಡದವರು ನಗುತ್ತಿದ್ದರು. ಒಬ್ಬರಾದ ಮೇಲೊಬ್ಬರಂತೆ ಏಳು ಮಂದಿ ಅಣ್ಣತಮ್ಮಂದಿರನ್ನು ಮದುವೆಯಾದ ಹೆಂಗಸು ಏಳುವಾಗ ಯಾರ ಹೆಂಡತಿಯಾಗಿ ಏಳುತ್ತಾಳೆ ಎಂದು ಅವರು ಯೇಸುವನ್ನು ಕೆಣಕಿದ ಪ್ರಸಂಗ, ಯೇಸುವಿನ ಬದುಕನ್ನು ಹೇಳುವ ನಾಲ್ಕು ಶುಭಸಂದೇಶಗಳಲ್ಲೊಂದಾದ ಮಾರ್ಕನದರಲ್ಲಿದೆ. ತಮ್ಮ ಹಸುವಿನ ಹಾಲಿನ ಪ್ರಶ್ನೆಗೂ ಆ ಪ್ರಶ್ನೆಗೂ ದೂರದ ನೆಂಟಸ್ತಿಕೆ ಇದೆ ಎಂದರೆ ಬೇಸರಿಸಬಾರದು; ತಾವು ಕೆಣಕಲು ಕೇಳಿದವರಲ್ಲ ಎಂದು ಬಲ್ಲೆ. ಯೇಸು ಉತ್ತರಿಸುವಾಗ ದೇಹದ ರಚನೆಯ ವಿವರಕ್ಕೆ ಹೋಗುವುದಿಲ್ಲ. ಅಬ್ರಹಾಮನ ದೇವರು ಸತ್ತವರಿಗೆ ದೇವರಲ್ಲ, ಜೀವಿತರಿಗೆ ದೇವರು ಎಂದು ಕೊಟ್ಟವನ ಕಡೆಗೇ ಬೆರಳು ತೋರಿಸುತ್ತಾನೆ.

ಆದರೆ ಕ್ರೈಸ್ತ ನಂಬಿಕೆ ಈ ಹಳೆಯ ನಿರೀಕ್ಷೆಯಲ್ಲೇ ನಿಲ್ಲದೆ, ಕಡೆಯ ದಿನಕ್ಕೆಂದು ಕಾದಿದ್ದುದು ಶಿಲುಬೆಯ ಮೇಲೆ ಸತ್ತ ಯೇಸು ಒಬ್ಬನಲ್ಲಿ, ಯೆರೂಸಲೇಮಿನ ಹೊರಗೆ, ವಾರದ ಮೊದಲ ದಿನ ಮುಂಜಾನೆ ಆಗಿಹೋಯಿತು ಎಂದು ಸಾರುತ್ತದೆ. ಕುತೂಹಲದ ಸಂಗತಿಯೆಂದರೆ, ನಾಲ್ಕೂ ಶುಭಸಂದೇಶಗಳಲ್ಲಿ ಎದ್ದ ಗಳಿಗೆಯ ವರ್ಣನೆಯೇ ಇಲ್ಲ. ಖಾಲಿ ಗೋರಿ ಇದೆ, ಹೆದರಿದ ಹೆಂಗಸರಿದ್ದಾರೆ, ಎದುರು ನಿಂತವನನ್ನು ತೋಟದವನೆಂದು ತಪ್ಪು ತಿಳಿದ ಶಿಷ್ಯೆ ಮಗ್ದಲದ ಮರಿಯಳಿದ್ದಾಳೆ. ಯೇಸು ಈ ಮುನ್ನ ಸಾವಿನಿಂದ ಎಬ್ಬಿಸಿದ ಲಾಜರನ ಕಥೆ ಇದಕ್ಕಿಂತ ಬೇರೆ. ಅವನು ಹಳೆಯ ಬದುಕಿಗೇ ಮರಳಿದವನು, ಮತ್ತೊಮ್ಮೆ ಸಾಯಬೇಕಾದವನು. ಎದ್ದ ಯೇಸುವಾದರೋ ಸುಟ್ಟ ಮೀನನ್ನು ತಿನ್ನುತ್ತಾನೆ, ಮುಚ್ಚಿದ ಬಾಗಿಲೊಳಗೆ ಬಂದು ನಿಲ್ಲುತ್ತಾನೆ. ಕೈಗಳಲ್ಲಿ ಮೊಳೆಯ ಗಾಯಗಳು ಹಾಗೆಯೇ ಇವೆ. ಇನ್ನೊಂದು ಶುಭಸಂದೇಶ ಬರೆದ ಯೊವಾನ್ನನು ಅದೇ ಸಂಜೆಯ ಬಗ್ಗೆ ಬರೆಯುತ್ತ, ಯೇಸು ಶಿಷ್ಯರ ಮೇಲೆ ಉಸಿರೂದಿ ‘ಪವಿತ್ರಾತ್ಮರನ್ನು ಸ್ವೀಕರಿಸಿರಿ’ ಎಂದನು ಎನ್ನುತ್ತಾನೆ. ಅಲ್ಲಿ ಬಳಸಿದ ‘ಊದಿದನು’ ಎಂಬ ಗ್ರೀಕ್ ಕ್ರಿಯಾಪದವು ಆದಿಕಾಂಡದ ಹಳೆಯ ಗ್ರೀಕ್ ಅನುವಾದದಲ್ಲಿ ಆದಾಮನ ಮೂಗಿಗೆ ಉಸಿರೂದುವಾಗ ಬಂದದ್ದೇ. ಬರೆದವನು ಓದುಗನ ಕಿವಿಯನ್ನು ನಂಬಿ ಸುಮ್ಮನಾಗಿದ್ದಾನೆ. ಕ್ರಿಸ್ತಶಕ 381ರಲ್ಲಿ ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷರ ಮಹಾಸಭೆಯೊಂದಿಗೆ ಬೆಸೆದುಕೊಂಡ, ಕ್ರೈಸ್ತರು ತಮ್ಮ ನಂಬಿಕೆಯನ್ನು ಒಪ್ಪಿ ಹೇಳುವ ವಿಶ್ವಾಸ ಪ್ರಮಾಣದಲ್ಲಿ ಪವಿತ್ರಾತ್ಮರಿಗೆ, ಅಂದರೆ ದೇವರ ಆತ್ಮಕ್ಕೆ, ಕೊಟ್ಟ ವಿಶೇಷಣ ‘ಜೀವದಾತ’ ಎಂಬುದು, ಮತ್ತು ಅದೇ ಪ್ರಮಾಣದ ಕೊನೆಯ ಮಾತು ಸತ್ತವರ ಪುನರುತ್ಥಾನವನ್ನೂ ಬರಲಿರುವ ಲೋಕದ ಜೀವವನ್ನೂ ಎದುರು ನೋಡುತ್ತೇವೆ ಎಂಬುದು.

ಇದನ್ನು ಪ್ರಯೋಗಶಾಲೆಯಲ್ಲಿ ಸಾಬೀತು ಮಾಡಲು ಸಾಧ್ಯವಿಲ್ಲ, ನಾನು ಹಾಗೆ ಹೇಳಲಾರೆ. ಇತಿಹಾಸದ ನೆಲೆಯಲ್ಲಿ ಹೇಳಬಹುದಾದದ್ದು ಸ್ವಲ್ಪ. ಯೇಸುವಿನ ಸಂದೇಶ ಸಾರುತ್ತ ಊರೂರು ಸುತ್ತಿದ ಪೌಲನು ಗ್ರೀಸಿನ ಕೊರಿಂಥ ನಗರದ ಕ್ರೈಸ್ತರಿಗೆ ಮೊದಲ ಪತ್ರವನ್ನು ಬರೆದದ್ದು ಯೇಸುವಿನ ಮರಣದ ಸುಮಾರು 25 ವರ್ಷಗಳೊಳಗೆ. ತಾನು ಇತರರಿಂದ ಪಡೆದದ್ದನ್ನೇ ಒಪ್ಪಿಸುತ್ತಿದ್ದೇನೆಂದು ಹೇಳಿ, ಎದ್ದ ಕ್ರಿಸ್ತನನ್ನು ಕಂಡವರ ಪಟ್ಟಿ ಕೊಡುತ್ತಾನೆ. ಐನೂರಕ್ಕೂ ಮಿಕ್ಕ ಜನ ಒಟ್ಟಿಗೆ ಕಂಡರು, ಅವರಲ್ಲಿ ಹೆಚ್ಚಿನವರು ಈಗಲೂ ಇದ್ದಾರೆ, ಕೆಲವರು ಮಾತ್ರ ನಿದ್ರೆಹೋಗಿದ್ದಾರೆ ಎನ್ನುತ್ತಾನೆ. ಅವರು ಕಂಡದ್ದೇನು ಎಂಬುದರ ತೀರ್ಮಾನ ನಂಬಿಕೆಗೆ ಸೇರಿದ್ದು.

ತಮ್ಮ ಮೊದಲನೆಯ ಪ್ರಶ್ನೆಗೂ ಅದೇ ಪತ್ರದ 15ನೇ ಅಧ್ಯಾಯದಲ್ಲಿ ಉತ್ತರವಿದೆ. ‘ಸತ್ತವರು ಯಾವ ದೇಹದಿಂದ ಬರುತ್ತಾರೆ?’ ಎಂದು ಕೊರಿಂಥದವರೂ ಕೇಳಿದ್ದರೆಂದು ತೋರುತ್ತದೆ. ಪೌಲನ ಉತ್ತರ ರೈತನದು: ನೀನು ಬಿತ್ತುವುದು ಬರಿಯ ಕಾಳು, ಮುಂದೆ ಬರುವ ಪೈರನ್ನಲ್ಲ. ನಮ್ಮ ಹಳೆಯ ಕನ್ನಡ ಅನುವಾದದಲ್ಲಿ ಬಿತ್ತಿದ್ದಕ್ಕೆ ‘ಪ್ರಾಕೃತದೇಹ’ ಎಂದೂ ಏಳುವುದಕ್ಕೆ ‘ಆತ್ಮಿಕದೇಹ’ ಎಂದೂ ಹೆಸರಿದೆ. ಆತ್ಮಿಕದೇಹವೆಂದರೆ ಹೊಗೆಯಂಥ ದೇಹವಲ್ಲ, ದೇವರ ಆತ್ಮದಿಂದ ಬದುಕುವ ದೇಹ. ರಾಗಿ ಕಾಳಿಗೂ ತೆನೆಗೂ ಇರುವ ಸಂಬಂಧವು ಕಣಕಣದ ಲೆಕ್ಕದ ಸಂಬಂಧವಲ್ಲವೆಂಬುದು ನನಗಿಂತ ತಮಗೆ ಚೆನ್ನಾಗಿ ಗೊತ್ತು. ನಮ್ಮ ಕೆಂಪು ರಕ್ತಕಣ ಬಾಳುವುದೇ ಸುಮಾರು 120 ದಿನ. ಆದರೂ ಯುಗಾದಿಗೆ ಇದ್ದವರೇ ದೀಪಾವಳಿಗೂ ಇದ್ದೇವೆ.

ತಮ್ಮ ಹಾಗೆ ಪ್ರಶ್ನಿಸಿದವರಿಗೆ ಹಳೆಯ ಕಾಲದಲ್ಲಿ ಕೊರತೆಯಿರಲಿಲ್ಲ. ಕ್ರೈಸ್ತ ಚಿಂತಕ ಸಂತ ಅಗಸ್ಟೀನರು ‘ದೇವರ ನಗರ’ ಎಂಬ ಗ್ರಂಥದ ಕೊನೆಯ ಸಂಪುಟದಲ್ಲಿ ಕತ್ತರಿಸಿದ ಕೂದಲು, ಉಗುರು ಏನಾಗುತ್ತವೆ, ಒಬ್ಬನನ್ನು ಇನ್ನೊಬ್ಬ ತಿಂದಿದ್ದರೆ ಆ ಮಾಂಸ ಯಾರ ಪಾಲಿಗೆ ಎಂಬುದನ್ನೆಲ್ಲ ತಾಳ್ಮೆಯಿಂದ ಚರ್ಚಿಸಿದ್ದಾರೆ. ಆ ಪುಟಗಳಲ್ಲಿ ಅವರು ಲೆಕ್ಕಿಗರಾಗಿಬಿಟ್ಟರೆಂದು ನನ್ನ ಅನಿಸಿಕೆ. 13ನೇ ಶತಮಾನದ ಕ್ರೈಸ್ತ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸರ ಉತ್ತರ ನನಗೆ ಹೆಚ್ಚು ಹಿಡಿಸುತ್ತದೆ: ಸೌದೆ ಉರಿದು ಹೊಸ ಸೌದೆ ಬೀಳುತ್ತಿದ್ದರೂ ಬೆಂಕಿ ಅದೇ ಬೆಂಕಿಯಾಗಿರುವಂತೆ, ದ್ರವ್ಯ ಹರಿದು ಹೋಗುತ್ತಿದ್ದರೂ ಮನುಷ್ಯ ಅದೇ ಮನುಷ್ಯ. ಇದೇ ಅಕ್ವಿನಾಸರು ಕೊರಿಂಥದ ಪತ್ರಕ್ಕೆ ವ್ಯಾಖ್ಯಾನ ಬರೆಯುತ್ತ ‘ನನ್ನ ಆತ್ಮವೇ ನಾನಲ್ಲ’ ಎಂದಿದ್ದಾರೆ. ಗ್ರೀಕ್ ತತ್ತ್ವಜ್ಞಾನದ ಸಹವಾಸದಿಂದ ಧರ್ಮಸಭೆ (ಚರ್ಚು) ಆತ್ಮದ ಅಮರತ್ವವನ್ನೂ ಒಪ್ಪಿತು, 1513ರಲ್ಲಿ ರೋಮಿನ ಲ್ಯಾಟರನ್ ಮಹಾಸಭೆ ಅದನ್ನು ವಿಧ್ಯುಕ್ತವಾಗಿ ಘೋಷಿಸಿತು ಎಂಬುದು ನಿಜ. ಆದರೆ ಆತ್ಮವೊಂದೇ ಉಳಿದರೆ ಮನುಷ್ಯ ಉಳಿದಂತಲ್ಲ ಎಂಬ ಅಕ್ವಿನಾಸರ ಎಚ್ಚರಿಕೆ ಅದರ ಪಕ್ಕದಲ್ಲೇ ಇದೆ. ತಮ್ಮ ಗೆಳೆಯರಲ್ಲಿ ತಾವು ನೆನೆಯುವುದು ಅವರ ನಗೆ, ಕಪ್ಪುಹಲಗೆಯ ಮೇಲಿನ ಓರೆ ಅಕ್ಷರ, ಬಿಡುವಿನ ವೇಳೆ ಚಹಾ ಹಿಡಿದು ನಿಲ್ಲುತ್ತಿದ್ದ ರೀತಿ ಎಂದು ಪತ್ರದಲ್ಲಿ ಬರೆದಿದ್ದೀರಿ. ಅದೆಲ್ಲ ಮೈಯಿದ್ದವರ ಸಂಗತಿ.

ಹಾಗಾದರೆ ಸುಟ್ಟವರ ಗತಿಯೇನು ಎಂಬ ಪ್ರಶ್ನೆಯೂ ತಮ್ಮ ಪತ್ರದ ಅಂಚಿನಲ್ಲಿದೆ. ಕ್ರಿಸ್ತಶಕ 177ರಲ್ಲಿ, ಇಂದು ಫ್ರಾನ್ಸಿನಲ್ಲಿರುವ ಲಿಯೋನ್ ನಗರದಲ್ಲಿ ಕ್ರೈಸ್ತರನ್ನು ಕೊಂದವರು, ಇವರಿಗೆ ಏಳುವ ಆಸೆಯೇ ಉಳಿಯಬಾರದೆಂದು ಹೆಣಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಚೆಲ್ಲಿದರೆಂದು ಇತಿಹಾಸಕಾರ ಯೂಸೇಬಿಯಸನು ದಾಖಲಿಸಿದ ಪತ್ರದಲ್ಲಿದೆ. ಅದರಿಂದ ಉಳಿದವರ ನಂಬಿಕೆ ಕುಂದಲಿಲ್ಲ. ಕೊಟ್ಟವನಿಗೆ ಬೂದಿಯೇನು, ಮಣ್ಣೇನು. ಯೇಸುವನ್ನು ಹೂಳಿದರೆಂಬ ಕಾರಣಕ್ಕೆ ಹೂಳುವ ರೂಢಿ ಬೆಳೆಯಿತೇ ಹೊರತು, ಸುಟ್ಟರೆ ದೇವರಿಗೆ ಕಷ್ಟವಾದೀತೆಂದಲ್ಲ. ಕಥೋಲಿಕ ಧರ್ಮಸಭೆ 1963ರಲ್ಲಿ ಶವದಹನದ ಮೇಲಿನ ನಿಷೇಧವನ್ನು ಸಡಿಲಿಸಿತು. ಬೂದಿಯನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರಲ್ಲಿ ಮತ್ತೆ ಸೂಚಿಸಿತು.

ಮಣ್ಣು ಮಾಡುವ ಹೊತ್ತಿನಲ್ಲಿ ಎಲ್ಲರಂತೆ ತಾವೂ ಒಂದು ಹಿಡಿ ಮಣ್ಣು ಹಾಕಲೇ ಬೇಡವೇ ಎಂದು ಅನುಮಾನಿಸಿ ಹಿಂದೆಯೇ ನಿಂತಿರಂತೆ. ನವೆಂಬರ್ 2ರಂದು ಸಮಾಧಿಯ ಬಳಿ ಬರಬಹುದೇ ಎಂದು ಕೇಳಿದ್ದೀರಿ. ಖಂಡಿತ ಬರಬಹುದು. ಅಂದು ಮೃತರೆಲ್ಲರ ಸ್ಮರಣೆಯ ದಿನ. ಮನೆಯವರು ಗೋರಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತಾರೆ, ಪಾದ್ರಿಗಳು ಗೋರಿಯಿಂದ ಗೋರಿಗೆ ಹೋಗಿ ತೀರ್ಥ ಚಿಮುಕಿಸುತ್ತಾರೆ. ಸಾಮಾನ್ಯವಾಗಿ ಸಂಜೆಯ ಹೊತ್ತು ಗಾಳಿಯಿರುತ್ತದೆ, ಬತ್ತಿಗೆ ಮರೆಯಾಗಿ ಹಿಡಿಯಲು ಏನನ್ನಾದರೂ ತನ್ನಿ. ಹಾಕದೆ ಬಿಟ್ಟ ಹಿಡಿ ಮಣ್ಣನ್ನು ಅಂದೂ ಹಾಕಬಹುದು, ಯಾರೂ ತಡೆಯುವುದಿಲ್ಲ.

ತಮ್ಮ ವಿಶ್ವಾಸಿ,
ಸಂಪಾದಕ