ಸಿದ್ದಿ ಓಟಗಾರರ ಸುದ್ದಿಯನ್ನು ಓದುವುದು ಹೇಗೆ

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ (ಪೂರ್ವಜರು ಆಫ್ರಿಕಾದಿಂದ ಬಂದ ಸಮುದಾಯ) ಕ್ರೀಡಾಪಟುಗಳನ್ನು ಪತ್ರಿಕೆಗಳು ‘ನಮ್ಮವರು’ ಎಂದು ಬರೆಯುತ್ತವೆಯೇ, ಪ್ರಾಜೆಕ್ಟಿಗೆ ಅದನ್ನು ಅಳೆಯುವುದು ಹೇಗೆ ಅಂತ ಕೇಳಿದ್ದೀರಿ. ‘ಆಫ್ರಿಕಾ ಮೂಲದ’ ಎಂಬ ಮಾತು ಎಲ್ಲಿದೆ ನೋಡಿ: ತಲೆಬರಹದಲ್ಲೋ, ಚಿತ್ರದಡಿಯ ಸಾಲಿನಲ್ಲೋ, ಕೊನೆಯ ಪ್ಯಾರಾದಲ್ಲೋ. ಓಟದ ಸಮಯಕ್ಕೂ ಮೊದಲೇ ಮೈಕಟ್ಟಿನ ವರ್ಣನೆ ಬಂದರೆ ಅದಕ್ಕೂ ಗುರುತು ಹಾಕಿ. ಅದೇ ಕೂಟದ ಬೇರೆ ವಿಜೇತರ ವರದಿಯನ್ನು ಪಕ್ಕಕ್ಕಿಡದಿದ್ದರೆ ಈ ಲೆಕ್ಕ ದಂಡ; ಹೆಚ್ಚಿನವರು ಎಡವುವುದು ಇಲ್ಲೇ.

ವೆಬ್‌ಸೈಟಿನ ತಲೆಬರಹ ಆಮೇಲೆ ಬದಲಾಗುವುದುಂಟು. ಶಿರಸಿಯ ಗ್ರಂಥಾಲಯದಲ್ಲಿ ಮುದ್ರಿತ ಪ್ರತಿಯನ್ನೇ ಹಿಡಿಯಿರಿ, ಜಿಲ್ಲಾ ಪುಟವನ್ನೂ ಕ್ರೀಡಾ ಪುಟವನ್ನೂ ಬೆರೆಸಬೇಡಿ.

ಯಾವ ಕಾಲದ ವರದಿಗಳನ್ನು ಹೋಲಿಸಬೇಕೆಂಬುದಕ್ಕೆ ಎರಡು ಗೂಟ ಸಾಕು. ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ತರಬೇತಿಗೆ ಆರಿಸಿದ 1980ರ ದಶಕದ ಕೊನೆ, ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ 2003. ಆಫ್ರಿಕಾದ ಮೈಕಟ್ಟು ಪದಕ ತಂದೀತೆಂಬ ಲೆಕ್ಕಾಚಾರ ಆ ಆಯ್ಕೆಯ ಹಿಂದಿತ್ತು. ಸುದ್ದಿಯ ಭಾಷೆಗೂ ಅಲ್ಲೇ ಅಚ್ಚು ಬಿತ್ತೆಂದು ನನ್ನ ಅನುಮಾನ.