0.06 ಬಂತು ಅಂತ ಇನ್ನಷ್ಟು ಸ್ಯಾಂಪಲ್ ಸೇರಿಸಬೇಡಿ

ಬೇಡ, ದಯವಿಟ್ಟು ಸೇರಿಸಬೇಡಿ. ಎರಡು ಗೊಬ್ಬರ ಹೋಲಿಸಿದಾಗ ಪಿ-ವ್ಯಾಲ್ಯೂ (ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ) 0.06 ಬಂದಿದೆ, ಇನ್ನೆಷ್ಟು ಗಿಡ ಸೇರಿಸಿದರೆ 0.05ರ ಕೆಳಗೆ ಇಳಿಯುತ್ತದೆ ಅಂತ ಕೇಳಿದ್ದೀರಿ. ಅದರ ಕೆಳಗೆ ಇಳಿದರೆ ಫಲಿತಾಂಶವನ್ನು "ಸಿಗ್ನಿಫಿಕೆಂಟ್" ಅನ್ನುವುದು ರೂಢಿ. ಎಂಎಸ್ಸಿ ಓದುವಾಗ ನಾನೂ ಇದೇ ಲೆಕ್ಕ ಹಾಕಿದ್ದೆ. ಅದು ಇಳಿಯಿತು ಕೂಡ. ಖರ್ಚು ಬಿದ್ದದ್ದು ಮಾವನ ತಲೆಗೆ.

ನಮ್ಮದು ಕಾಸರಗೋಡಿನ ಪೆರ್ಲದ ಕಡೆ. ಮಾವನ ಅಡಿಕೆ ತೋಟದಲ್ಲಿ ನಳ್ಳಿ, ಅಂದರೆ ಎಳೆ ಅಡಿಕೆ ಕಾಯಿ, ಉದುರುವುದು ಜಾಸ್ತಿ. ಬೋರಾನ್ ಅನ್ನುವ ಪೋಷಕಾಂಶ ಹೊಡೆದರೆ ಕಡಿಮೆ ಆಗುತ್ತದಾ ಅಂತ ನೋಡುವುದೇ ನನ್ನ ಪ್ರಾಜೆಕ್ಟ್. 10 ಮರಕ್ಕೆ ಹೊಡೆಸಿದೆ, 10 ಮರ ಹಾಗೇ ಬಿಟ್ಟೆ. ಬೆಳಗ್ಗೆ ಬುಡದ ಸೊಪ್ಪು ಸರಿಸಿ, ಬಿದ್ದ ಹಸಿರು ನಳ್ಳಿಗಳನ್ನು ಒಂದೊಂದಾಗಿ ಹೆಕ್ಕಿ ಅಡಿಕೆ ಹಾಳೆಗೆ ಹಾಕಿ ಎಣಿಸುತ್ತಿದ್ದೆ. ಬೆರಳೆಲ್ಲ ಕರೆ.

ಮೊದಲ ಲೆಕ್ಕಕ್ಕೆ 0.14 ಬಂತು. ಎರಡೂ ಕಡೆ ಹತ್ತತ್ತು ಮರ ಸೇರಿಸಿದೆ. 0.09. ಇನ್ನು ಹತ್ತತ್ತು. 0.12ಕ್ಕೆ ಏರಿತು. ಮತ್ತೆ ಸೇರಿಸಿದೆ, 0.07. ಐದನೇ ಸಲ 0.043. ಅವತ್ತೇ ಎಣಿಕೆ ನಿಲ್ಲಿಸಿ ಬರೆಯಲು ಕೂತೆ.

ತಪ್ಪು ಆದದ್ದು ಇಲ್ಲೇ. ಮರ ಸೇರಿಸಿದ್ದು ತಪ್ಪಲ್ಲ, ಮರ ಜಾಸ್ತಿ ಇದ್ದರೆ ಒಳ್ಳೆಯದೇ. ಪ್ರತಿ ಸಲ ಉತ್ತರ ನೋಡಿ, ಬೇಕಾದ್ದು ಸಿಕ್ಕ ಕೂಡಲೇ ನಿಲ್ಲಿಸಿದೆನಲ್ಲ, ಅದು ತಪ್ಪು. ಆಟಿ ತಿಂಗಳಲ್ಲಿ ನಾವು ಮಕ್ಕಳು ಚೆನ್ನೆಮಣೆ ಆಡುವಾಗ ದೊಡ್ಡಪ್ಪನ ಮಗ ತನ್ನ ಹತ್ತಿರ ಕಾಯಿ ಜಾಸ್ತಿ ಆದ ತಕ್ಷಣ "ಇನ್ನು ಸಾಕು" ಅಂತ ಏಳುತ್ತಿದ್ದ. ಕಡಿಮೆ ಇದ್ದರೆ "ಇನ್ನೊಂದಾಟ" ಅನ್ನುತ್ತಿದ್ದ. ಹಾಗೆ ಆಡಿದರೆ ಯಾರು ಬೇಕಾದರೂ ಗೆಲ್ಲಬಹುದು. ನಾನು ಮಾಡಿದ್ದೂ ಅದನ್ನೇ. ಔಷಧಿಯಿಂದ ಏನೂ ಆಗದಿದ್ದರೂ ಪಿ-ವ್ಯಾಲ್ಯೂ ಸುಮ್ನೆ ಒಂದೇ ಕಡೆ ನಿಲ್ಲುವುದಿಲ್ಲ, ಏರುತ್ತ ಇಳಿಯುತ್ತ ಇರುತ್ತದೆ. ಇಣುಕುತ್ತಲೇ ಇದ್ದರೆ ಒಂದಲ್ಲ ಒಂದು ದಿನ 0.05ರ ಕೆಳಗೆ ಸಿಕ್ಕಿಬೀಳುತ್ತದೆ. ಒಂದೇ ಸಲ ನೋಡುವುದಾದರೆ ಇಲ್ಲದ ವ್ಯತ್ಯಾಸವನ್ನು ಇದೆ ಅನ್ನುವ ಅಪಾಯ ನೂರಕ್ಕೆ 5. ಸಮ ಕಂತಿನಲ್ಲಿ ಸೇರಿಸುತ್ತ 5 ಸಲ ನೋಡಿದರೆ ಅದು 14ರ ಹತ್ತಿರ ಹೋಗುತ್ತದೆ, 10 ಸಲ ನೋಡಿದರೆ 19. ಅಂದರೆ ನಾನು ಈ ಅಪಾಯ 0.05 ಅಂತ ಬರೆದ ಜಾಗದಲ್ಲಿ ನಿಜವಾಗಿ ಇದ್ದದ್ದು 0.14.

ಇದರ ಮೇಲೆ ಇನ್ನೊಂದನ್ನೂ ತಪ್ಪಾಗಿ ತಿಳಿದಿದ್ದೆ. 0.043 ಅಂದರೆ ಬೋರಾನ್ ಕೆಲಸ ಮಾಡುವ ಸಾಧ್ಯತೆ ಶೇ. 95ಕ್ಕಿಂತ ಜಾಸ್ತಿ ಅಂತ ಮಾವನಿಗೆ ಹೇಳಿದೆ. ಪಿ-ವ್ಯಾಲ್ಯೂ ಅದನ್ನು ಹೇಳುವುದೇ ಇಲ್ಲ. ಔಷಧಿಯಿಂದ ಏನೂ ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ, ಆಗಲೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ ಎಷ್ಟು ಅನ್ನುವುದಷ್ಟೇ ಅದು.

ಮಾವ ನನ್ನ ಮಾತು ನಂಬಿದರು. ಮರ ಹತ್ತುವವರು ಸಿಗುವುದೇ ಕಷ್ಟ, ಆದರೂ ದುಬಾರಿ ಕೂಲಿ ಕೊಟ್ಟು ಮರುವರ್ಷ 800 ಮರಕ್ಕೂ ಹೊಡೆಸಿದರು. ನಳ್ಳಿ ಹಿಂದಿನಷ್ಟೇ ಉದುರಿತು. ಒಂದು ಸಾಲನ್ನಾದರೂ ಹೊಡೆಯದೆ ಬಿಟ್ಟಿದ್ದರೆ ಹೋಲಿಸಬಹುದಿತ್ತು. ಅದನ್ನೂ ನಾನು ಹೇಳಿರಲಿಲ್ಲ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: "ಒಂದೊಂದು ಕಡೆ 50 ಮರಕ್ಕೆ ಯಾಕೆ ನಿಲ್ಲಿಸಿದಿರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ನನ್ನ ಪ್ರಕಾರ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. 0.05 ಅನ್ನುವುದು ಗದ್ದೆಯ ಬದುವಿನ ಹಾಗೆ, ಜನ ಹಾಕಿಕೊಂಡ ಗಡಿ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರ ಪುಸ್ತಕದಲ್ಲಿ ಅನುಕೂಲಕ್ಕೆ ಅಂತ ಹಿಡಿದುಕೊಂಡ ಗೆರೆ ಅದು. 0.06ಕ್ಕೂ 0.049ಕ್ಕೂ ನಿಮ್ಮ ಗಿಡಕ್ಕೆ ಏನು ವ್ಯತ್ಯಾಸ ಗೊತ್ತಾಗುತ್ತದೆ? ಈ ಗೆರೆ ದಾಟಿತೋ ಇಲ್ಲವೋ ಅನ್ನುವುದೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ ಅಂತ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲೇ ಹೇಳಿದೆ.

0.06 ಅಂತಲೇ ಬರೆಯಿರಿ. ಅದರ ಪಕ್ಕದಲ್ಲಿ ಇಳುವರಿಯ ವ್ಯತ್ಯಾಸ ಎಷ್ಟು ಕಿಲೋ, ಅದರ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ವ್ಯತ್ಯಾಸ ಇರಬಹುದು ಅಂತ ಅಂದಾಜಿಸುವ ವ್ಯಾಪ್ತಿ) ಎಲ್ಲಿಂದ ಎಲ್ಲಿಯವರೆಗೆ ಅಂತ ಹಾಕಿ. ರೈತನಿಗೆ ಬೇಕಾದ್ದು ಅದು. ಇನ್ನೊಮ್ಮೆ ನೋಡಲೇಬೇಕು ಅನ್ನಿಸಿದರೆ ಹೊಸದಾಗಿ, ಹೊಸ ಗಿಡಗಳಲ್ಲಿ ಶುರು ಮಾಡಿ. ಮಧ್ಯೆ ನೋಡುವ ಪದ್ಧತಿಗಳೂ ಇವೆ. ಆದರೆ ಎಷ್ಟು ಸಲ ನೋಡುತ್ತೇವೆ ಅಂತ ಮೊದಲೇ ನಿಶ್ಚಯಿಸಿ, ಗೆರೆಯನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳಬೇಕು. ಗೈಡ್ "ಸಿಗ್ನಿಫಿಕೆಂಟ್ ಬರಲಿಲ್ವಾ" ಅಂತ ಒತ್ತಾಯ ಮಾಡಿದರೆ ಈ 14ರ ಲೆಕ್ಕ ತೋರಿಸಿ.

ಈಗ ಯಾವ ಪ್ರಯೋಗ ಶುರು ಮಾಡುವಾಗಲೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎಷ್ಟು ಮರ, ಯಾವ ತಾರೀಕಿಗೆ ಎಣಿಕೆ ಕೊನೆ ಅಂತ ಬರೆದು ಮಾವನ ಸಹಿ ಹಾಕಿಸುತ್ತೇನೆ. ಹೋದ ಸಲದ್ದು 0.31 ಬಂತು. ಹಾಗೇ ಬರೆದೆ.